ಶೆಟ್ಟಿಕೊಪ್ಪದ ವನಜಮ್ಮನ ಪರೀಕ್ಷಾ ಮರಣ

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡುವುದು ಮಲ್ಲಿಕಾಳ ಅಭ್ಯಾಸ. ಅದೇನು ದೊಡ್ಡ ಮಾತಲ್ಲ, ಎಲ್ಲರೂ ಜಗ್ಗುತ್ತಾರೆ. ಆದರೆ ಇವಳು ಜಗ್ಗಿ, ರಸ್ತೆ ದಾಟಿ, ಬಸ್ ಸ್ಟ್ಯಾಂಡಿನ ಮೆಟ್ಟಿಲು ಹತ್ತುವಾಗ ‘ಜಗ್ಗಿದೆನೋ, ಜಗ್ಗಬೇಕು ಅಂದುಕೊಂಡೆನೋ’ ಎಂಬ ಅನುಮಾನ ಹುಟ್ಟಿ ವಾಪಸು ಬರುವವಳು. ಅಷ್ಟರಲ್ಲಿ ಅವಳ ಬಸ್ಸು ಹೊರಟುಹೋಗಿರುತ್ತಿತ್ತು.

ಇಂಥವಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ಸಿಕ್ಕಿತ್ತು.

ಕೊಪ್ಪದ ಬಸ್ ಸ್ಟ್ಯಾಂಡ್ ಎದುರಿಗಿರುವ ನಯಾಜನ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ, ಸಿಸಿ ಕ್ಯಾಮೆರಾ, ಮದುವೆ ಕಾಗದದ ಡಿಸೈನು ಎಲ್ಲ ಆಗುತ್ತಿತ್ತು. ಯಾರಾದರೂ ಕೇಳಿದರೆ ಸಣ್ಣಪುಟ್ಟ ಸಾಫ್ಟ್‌ವೇರೂ ಆಗುತ್ತಿತ್ತು. ನಯಾಜನಿಗೆ ‘ಆಗಲ್ಲ’ ಎಂಬ ಮಾತು ಗೊತ್ತಿರಲಿಲ್ಲ. ಆಗಿಸುವ ಪಾಡು ಮಲ್ಲಿಕಾಳದ್ದು. ಹಗಲು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತ, ಸಂಜೆ ಕ್ಲಾಸಿನಲ್ಲಿ ಕೂತು ಅವಳು ಈ ವಿದ್ಯೆ ಕಲಿತಿದ್ದಳು. ಕಾಲೇಜಿನಲ್ಲಿ ಕಲಿತವರಿಗೆ ಮೇಷ್ಟ್ರು ಬೆಳಗ್ಗೆ ಪೂರ್ತಿ ಎಚ್ಚರವಾಗಿದ್ದಾಗ ಹೇಳಿಕೊಟ್ಟಿರುತ್ತಾರೆ, ತನಗೆ ಸಿಕ್ಕಿದ್ದು ಆಕಳಿಕೆಗಳ ನಡುವೆ ಉಳಿದದ್ದು ಎಂದು ಅವಳ ನಂಬಿಕೆ. ಆದ್ದರಿಂದ ತಾನು ಬರೆದ ಪ್ರತಿ ಸಾಲಿನ ಮೇಲೂ ಅವಳಿಗೆ ಗುಮಾನಿ.

ಕೋಡ್ ಬರೆಯಲು ಸಹಾಯ ಮಾಡುವ ಎಐ ಒಂದನ್ನು ನಯಾಜ ಅಂಗಡಿಗೆ ತರಿಸಿಕೊಂಡ ದಿನ ಅವಳು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಳು. ಇನ್ನು ಮೇಲೆ ಕೇಳಲು ಒಬ್ಬರಿದ್ದಾರೆ! ಅವಳು ಅದಕ್ಕೆ ‘ನೀವು’ ಎಂದೇ ಬರೆಯುತ್ತಿದ್ದಳು. ‘ದಯವಿಟ್ಟು’ ಇಲ್ಲದೆ ಏನನ್ನೂ ಕೇಳುತ್ತಿರಲಿಲ್ಲ. ಅದೂ ಅಷ್ಟೇ ಮರ್ಯಾದೆಯಿಂದ, ಪಠ್ಯಪುಸ್ತಕದ ಕನ್ನಡದಲ್ಲಿ ಉತ್ತರಿಸುತ್ತಿತ್ತು.

ತೊಂದರೆ ಶುರುವಾಗುತ್ತಿದ್ದದ್ದು ಉತ್ತರ ಬಂದ ಮೇಲೆ. ಮಲ್ಲಿಕಾ ಬರೆಯುವಳು: ‘ಇದು ಸರಿ ಇದೆಯಾ? ಖಂಡಿತಾನಾ?’

‘ನೀವು ಕೇಳಿದ್ದು ಒಳ್ಳೆಯದಾಯಿತು. ಕ್ಷಮಿಸಿ, ಸರಿಪಡಿಸಿದ್ದೇನೆ’ ಎಂದು ಅದು ಬೇರೆಯದನ್ನು ಕೊಡುವುದು.

‘ಇದು ಖಂಡಿತಾನಾ?’

‘ನಿಮ್ಮ ಸಂದೇಹ ಸಮಂಜಸವಾಗಿದೆ’ ಎಂದು ಅದು ಮೊದಲಿನದನ್ನೇ ವಾಪಸು ತಂದಿಡುವುದು.

ಹೀಗೆ ಎಷ್ಟೋ ಬೆಳಗುಗಳು ಮಧ್ಯಾಹ್ನವಾಗುತ್ತಿದ್ದವು. ಒಂದು ದಿನ ನಯಾಜ ಹಿಂದೆ ನಿಂತು ನೋಡಿ ನಕ್ಕ. “ಎಂತ ಮಾರಾಯ್ತಿ ಇದು? ಇಬ್ರು ನೆಂಟ್ರು ಬಾಗಿಲಲ್ಲಿ ನಿಂತ್ಕಂಡು ನೀವ್ ಮೊದ್ಲು ಹೋಗಿ, ನೀವ್ ಮೊದ್ಲು ಹೋಗಿ ಅಂದಂಗಾಯ್ತು. ಯಾರಾದ್ರೂ ಒಬ್ರು ಒಳಗೆ ಹೋಗಿ!”

“ತಪ್ಪಾದ್ರೆ ನಯಾಜಣ್ಣ?”

“ತಪ್ಪಾದ್ರೆ ಯಾರೂ ಸಾಯಲ್ಲ” ಎಂದ ನಯಾಜ.

ಆ ಮಾತು ಅವನು ಆಡಬಾರದಿತ್ತು.

ನಯಾಜನ ಚಿಕ್ಕಪ್ಪ ಚಾಂದ್ ಪಾಷಾನದು ಮೈಕಿನ ಆಟೋ. ಕರೆಂಟ್ ಇಲ್ಲದ ದಿನ, ಕಣ್ಣಿನ ಕ್ಯಾಂಪು, ಕಳೆದುಹೋದ ದನ, ಸತ್ತುಹೋದ ಮನುಷ್ಯ, ಎಲ್ಲವೂ ಕೊಪ್ಪಕ್ಕೆ ತಿಳಿಯುತ್ತಿದ್ದದ್ದು ಅವನ ಗಂಟಲಿನಿಂದ. ಈಗ ಸಾವಿನ ಸುದ್ದಿ ಫೋನಿನಲ್ಲೂ ಬರುತ್ತದೆ, ನಿಜ. ಆದರೆ ಫೋನಿನಲ್ಲಿ ಬಂದದ್ದನ್ನು ಜನ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಚಾಂದ್ ಪಾಷಾ ಕೂಗಿದ ಮೇಲೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ‘ಹೌದಾ, ಸತ್ತದ್ದು ನಿಜವಾ’ ಎಂದು ಸಾವಿನ ಮನೆಗೆ ಫೋನು ಮಾಡಿ ಕೇಳುವುದು ಮನುಷ್ಯರು ಮಾಡುವ ಕೆಲಸವಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುವುದು, ಅಷ್ಟೇ.

ಆ ಗಂಟಲಿನಲ್ಲಿ ಗಂಟು ಎದ್ದಿತ್ತು. ಇನ್ನು ಕೂಗಿದರೆ ಇರುವ ದನಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

“ಕೂಗೋ ಮಿಷನ್ ಒಂದು ಮಾಡ್ಕೊಡು ಮಗಾ” ಎಂದು ಅವನು ಗಾಳಿ ಹೋದ ಹಾರ್ಮೋನಿಯಂ ಹಾಗೆ ಉಸಿರುತ್ತ ಮಲ್ಲಿಕಾಳ ಮುಂದೆ ಕುಳಿತ. “ಅಲ್ಲಿ ನೀನು ಟೈಪ್ ಮಾಡದು, ಇಲ್ಲಿ ನನ್ನ ಆಟೋದಾಗೆ ಅದು ಮಾತಾಡದು. ಆದ್ರೆ ಒಂದು ಮಾತು. ನಾನು ಸಾವಿನ ಮನೆ ಅಂಗಳಕ್ಕೆ ಹೋಗಿ, ನಿಂತು, ಕಣ್ಣಾರೆ ನೋಡದೆ ಯಾವತ್ತೂ ಕೂಗ್ದೋನಲ್ಲ. ನನ್ನ ಹತ್ರ ಇರದು ಆ ಮಾತೊಂದೇ. ಅದನ್ನ ನಿನ್ನ ಕೈಗೆ ಕೊಡ್ತಿದೀನಿ, ಜೋಪಾನ.”

ಚಾಂದ್ ಪಾಷಾ ಮಾತಿಗೆ ಕೂತರೆ ಕಥೆಗೆ ಕಥೆ ಕಟ್ಟುವವನು. ಅಂಗಳದ ಮಾತೂ ಅಂಥದೊಂದು ಕಥೆ ಎಂದು ಮಲ್ಲಿಕಾ ತಲೆಯಾಡಿಸಿದಳು. ಎಐ ಸಹಾಯಕನಿಗೆ ಬರೆದುಕೊಟ್ಟ ಬೇಡಿಕೆಯಲ್ಲಿ ಅದನ್ನು ಬರೆಯಲೇ ಇಲ್ಲ.

ಕೆಲಸ ಮಾತ್ರ ಚೆನ್ನಾಗಿ ಸಾಗಿತು. ಮೊದಲ ಸಲ ಯಂತ್ರದ ಹೆಣ್ಣುದನಿ ಸಾವಿನ ಸುದ್ದಿ ಓದಿದಾಗ ಚಾಂದ್ ಪಾಷಾ ಕಿವಿ ಮುಚ್ಚಿಕೊಂಡ. “ಥೋ! ಸತ್ತೋರ ಮನೇಲಿ ಲಾಡು ಹಂಚಿದಂಗಿದೆ!” ಮಲ್ಲಿಕಾ ಸಹಾಯಕನೊಡನೆ ಕೂತು ಆ ದನಿಯನ್ನು ತಗ್ಗಿಸಿದಳು, ನಿಧಾನ ಮಾಡಿದಳು, ಹೆಸರಿನ ಹಿಂದೆ ಮುಂದೆ ಸ್ವಲ್ಪ ಮೌನ ಇಟ್ಟಳು. ಈಗ ಅದು ಎಷ್ಟು ದುಃಖದಿಂದ ಹೇಳುತ್ತಿತ್ತೆಂದರೆ, ಕರೆಂಟ್ ಹೋಗುತ್ತದೆ ಎಂದು ಓದಿದರೂ ಕೇಳಿದವರ ಕಣ್ಣು ಒದ್ದೆಯಾಗಬೇಕು.

ಇನ್ನು ಉಳಿದದ್ದು ಪರೀಕ್ಷೆ ಮಾಡುವುದು. ಅದಕ್ಕೆ ಸುಳ್ಳು ಸುದ್ದಿಗಳು ಬೇಕು, ಟೆಸ್ಟ್ ಡೇಟಾ ಅನ್ನುತ್ತಾರೆ. ಕರೆಂಟಿನದು, ದನದ್ದು ಸುಲಭವಾಗಿ ಬರೆದಳು. ಸಾವಿನದಕ್ಕೆ ಬಂದಾಗ ಅವಳ ಬೆರಳು ನಿಂತಿತು. ಯಾರದೋ ಹೆಸರು ಹಾಕಿ ‘ದೈವಾಧೀನರಾಗಿದ್ದಾರೆ’ ಎಂದು ತನ್ನ ಕೈಯಾರೆ ಬರೆಯುವುದೇ? ಹೆಸರಿಗೊಬ್ಬ ಮನುಷ್ಯ ಎಲ್ಲಾದರೂ ಇದ್ದೇ ಇರುತ್ತಾನೆ. ಏನಾದರೂ ಹೆಚ್ಚುಕಡಿಮೆಯಾದರೆ ಪಾಪ ಯಾರಿಗೆ?

ಬಹಳ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಸಹಾಯಕನಿಗೆ ಊರುಗಳ ಹೆಸರನ್ನು ಮಾತ್ರ ಕೊಟ್ಟಳು: ಶೆಟ್ಟಿಕೊಪ್ಪ, ಅಡ್ಡಗದ್ದೆ, ಭಂಡಿಗಡಿ. ‘ದಯವಿಟ್ಟು ಈ ಊರುಗಳಿಗೆ ಹೊಂದುವ ಮನುಷ್ಯರ ಹೆಸರನ್ನು ನೀವೇ ಆರಿಸಿ ಸಾವಿನ ಸುದ್ದಿ ಬರೆಯಿರಿ. ನಾನು ಆರಿಸುವುದಿಲ್ಲ.’ ಯಂತ್ರಕ್ಕೆ ಪಾಪ ತಟ್ಟುವುದಿಲ್ಲವಲ್ಲ. ಅದು ಕಣ್ಣು ಮಿಟುಕಿಸುವುದರಲ್ಲಿ ಶೆಟ್ಟಿಕೊಪ್ಪದ ವನಜಮ್ಮನನ್ನೂ, ಅಡ್ಡಗದ್ದೆಯ ರೇಣುಕಪ್ಪನನ್ನೂ, ಭಂಡಿಗಡಿಯ ಜಯಪ್ರಕಾಶನನ್ನೂ ದೈವಾಧೀನ ಮಾಡಿ ಕೊಟ್ಟಿತು. ಅವಳು ಕಣ್ಣು ಅರ್ಧ ಮುಚ್ಚಿಕೊಂಡೇ ಅದನ್ನು ಸೇರಿಸಿದಳು.

ಪರೀಕ್ಷೆಯ ಸುದ್ದಿ ಆಟೋ ತಲುಪದ ಹಾಗೆ ಸಹಾಯಕ ಎರಡು ಕಡೆ ತಡೆ ಇಟ್ಟಿತ್ತು. ಅಂಗಡಿಯಿಂದ ಹೊರಡುವಲ್ಲಿ ಒಂದು, ಆಟೋದ ಫೋನು ಎತ್ತಿಕೊಳ್ಳುವಲ್ಲಿ ಇನ್ನೊಂದು. ಮಲ್ಲಿಕಾ ಮೊದಲನೆಯದನ್ನು ನೋಡಿದಳು. ಅನುಮಾನ ಬಂತು. ‘ಈ ಸಾಲು ಬೇಕಾ? ಮುಂದೆ ಇನ್ನೊಂದು ಕಡೆ ಇದೆಯಲ್ಲ. ನನಗೆ ಅಷ್ಟು ಗೊತ್ತಾಗುವುದಿಲ್ಲ, ಖಂಡಿತಾನಾ?’

‘ನಿಮ್ಮ ಗಮನಿಕೆ ಸೂಕ್ಷ್ಮವಾಗಿದೆ. ಕ್ಷಮಿಸಿ. ಒಂದೇ ತಡೆ ಸಾಕು. ತೆಗೆದಿದ್ದೇನೆ’ ಎಂದಿತು ಸಹಾಯಕ.

ಮರುದಿನ ಹೊಸ ಪುಟ ತೆರೆದು ಆಟೋದ ಕಡೆಯ ಕೋಡ್ ನೋಡುತ್ತ ಕೂತಳು. ಅಲ್ಲೂ ಒಂದು ಸಾಲು ಕಣ್ಣಿಗೆ ಚುಚ್ಚಿತು. ‘ಪರೀಕ್ಷೆಯ ಸುದ್ದಿಯನ್ನು ಅಂಗಡಿಯಲ್ಲೇ ತಡೆಯುತ್ತೇವೆ ತಾನೆ? ಇಲ್ಲಿ ಮತ್ತೆ ಯಾಕೆ? ಖಂಡಿತಾನಾ?’

ಹೊಸ ಪುಟದ ಸಹಾಯಕನಿಗೆ ನಿನ್ನೆಯ ಮಾತು ನೆನಪಿರಲಿಲ್ಲ. ಮಲ್ಲಿಕಾಳಿಗೆ ನೆನಪಿತ್ತು, ಆದರೆ ಯಾವುದನ್ನು ತೆಗೆದೆ, ಯಾವುದನ್ನು ತೆಗೆಯಬೇಕು ಅಂದುಕೊಂಡೆ ಎಂಬುದು ಕಲಸಿಹೋಗಿತ್ತು. ‘ನೀವು ಹೇಳಿದ್ದು ಸರಿ. ಅನಗತ್ಯ ಸಾಲನ್ನು ತೆಗೆದಿದ್ದೇನೆ’ ಎಂದಿತು ಅದು. ಮನೆಯ ಇಬ್ಬರೂ ಬೀಗ ಇನ್ನೊಬ್ಬರು ಹಾಕಿದ್ದಾರೆ ಎಂದುಕೊಂಡು ತಿರುಪತಿಗೆ ಹೊರಟ ಹಾಗಾಯಿತು.

ಆಟೋದಲ್ಲಿ ಯಂತ್ರ ಮೊದಲ ಬಾರಿಗೆ ಮಾತಾಡಿದ್ದು ಕೊಪ್ಪದ ಸಂತೆಯ ದಿನ.

ಚಾಂದ್ ಪಾಷಾ ಬಸ್ ಸ್ಟ್ಯಾಂಡಿನ ಮೂಲೆಗೆ ಆಟೋ ನಿಲ್ಲಿಸಿ, ಫೋನನ್ನು ಮೈಕಿಗೆ ಜೋಡಿಸಿ, ಎದುರಿನ ಹೋಟೆಲಿಗೆ ಹೋಗಿ ಕುಳಿತ. ತನ್ನ ಆಟೋ ಕೂಗುತ್ತಿರುವಾಗ ತಾನು ಟೀ ಕುಡಿಯುವ ಸುಖ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕರೆಂಟಿನ ಸುದ್ದಿ ಆಯಿತು. ಕಣ್ಣಿನ ಕ್ಯಾಂಪು ಆಯಿತು. ಅವನು ಗ್ಲಾಸು ಎತ್ತಿ ಅಂಗಡಿಯ ಬಾಗಿಲಲ್ಲಿದ್ದ ಮಲ್ಲಿಕಾಳಿಗೆ ಸನ್ನೆ ಮಾಡಿದ. ಅವಳು ಮೊದಲ ಬಾರಿಗೆ ಅನುಮಾನವಿಲ್ಲದೆ ನಕ್ಕಳು.

ಆಗ ಮೈಕು ಸ್ವಲ್ಪ ಮೌನವಾಗಿ, ತುಂಬ ದುಃಖದಿಂದ ಹೇಳಿತು: “ಶೆಟ್ಟಿಕೊಪ್ಪದ... ವನಜಮ್ಮನವರು... ದೈವಾಧೀನರಾಗಿದ್ದಾರೆ.”

ಮಲ್ಲಿಕಾ ಬಾಗಿಲಿನಿಂದ ಒಳಗೆ ತಿರುಗಿದಳು. ಓಡಿ ಕಂಪ್ಯೂಟರಿನ ಮುಂದೆ ಕೂತಳು. ಸರದಿಯಲ್ಲಿ ವನಜಮ್ಮನ ಹಿಂದೆ ನಿಂತಿದ್ದ ಇಬ್ಬರನ್ನು ಅಳಿಸಿದಳು. ಅಡ್ಡಗದ್ದೆಯ ರೇಣುಕಪ್ಪನೂ ಭಂಡಿಗಡಿಯ ಜಯಪ್ರಕಾಶನೂ ಪಾರಾದರು. ವನಜಮ್ಮ ಮಾತ್ರ ಆಗಲೇ ಆಟೋದ ಫೋನಿಗೆ ಇಳಿದುಬಿಟ್ಟಿದ್ದಳು. ಬೇರೆ ಸುದ್ದಿ ಬರುವವರೆಗೆ ಇದ್ದದ್ದನ್ನೇ ಮತ್ತೆ ಮತ್ತೆ ಹೇಳು ಎಂದು ಕಲಿಸಿದ್ದೂ ಇವಳೇ.

‘ಏನಾಯಿತು?’ ಎಂದು ಸಹಾಯಕನಿಗೆ ಬರೆದಳು. ‘ದಯವಿಟ್ಟು’ ಎಂದೂ ಸೇರಿಸಿದಳು.

‘ನಿಮ್ಮ ಆತಂಕ ಅರ್ಥವಾಗುತ್ತದೆ. ಎರಡೂ ತಡೆಗಳು ತೆಗೆಯಲ್ಪಟ್ಟಿರುವುದರಿಂದ ಹೀಗಾಗಿದೆ. ನಿಧನರಾದವರನ್ನು ಹಿಂಪಡೆಯುವ ಸೌಲಭ್ಯ ಬರೆದುಕೊಡಲೇ?’

ಅವಳು ಹೊರಗೆ ಓಡಿಬಂದಳು. ಆಟೋ ಇರಲಿಲ್ಲ. ಹೋಟೆಲಿನವನನ್ನು ಕೇಳಿದರೆ, “ಪಾಷಾ ಸಾಬ್ರು ಶೆಟ್ಟಿಕೊಪ್ಪಕ್ಕೆ ಹೋದ್ರಲ್ಲ. ಸುದ್ದಿ ಕೇಳಿದ್ದೇ ಟೀ ಅಲ್ಲೇ ಬಿಟ್ಟು, ಪಾಪ ಒಳ್ಳೆ ಹೆಂಗಸು ಅಂತ ಕಣ್ಣೊರೆಸ್ಕಂಡು ಹೋದ್ರು” ಎಂದ.

ಮೈಕಿನ ಯಜಮಾನ ತನ್ನ ಮೈಕನ್ನು ತಾನೇ ನಂಬಿದ್ದ! ನಂಬಿ, ಅಂತ್ಯದರ್ಶನಕ್ಕೆ ಹೊರಟಿದ್ದ; ದಾರಿಯುದ್ದಕ್ಕೂ ಮೈಕು ಕೂಗುತ್ತಲೇ ಇತ್ತು.

ಮಲ್ಲಿಕಾ ಅವನಿಗೆ ಫೋನು ಮಾಡಿದಳು. ಪೆಟ್ರೋಲ್ ಬಂಕಿನ ಆಚೆಯಿಂದ ಫೋನಿನ ಹಾಡು ಇಡೀ ಊರಿಗೆ ಕೇಳಿಸಿತು. ಫೋನು ಮೈಕಿಗೆ ಜೋಡಿಸಿಯೇ ಇತ್ತು. ಅವನು ಎತ್ತಿದ.

“ಪಾಷಣ್ಣಾ, ವನಜಮ್ಮ ಸತ್ತಿಲ್ಲ!” ಎಂದು ಅವಳು ಕೂಗಿದಳು. ಅರೆಕ್ಷಣದಲ್ಲಿ ಅವಳದೇ ದನಿ ಗುಡ್ಡಕ್ಕೆ ಬಡಿದು ವಾಪಸು ಬಂತು: “ವನಜಮ್ಮ ಸತ್ತಿಲ್ಲಾ... ಸತ್ತಿಲ್ಲಾ...”

ಬಸ್ ಸ್ಟ್ಯಾಂಡಿನ ಜನವೆಲ್ಲ ತಲೆ ಎತ್ತಿ ಆಲಿಸಿದರು. ಹೂ ಮಾರುವ ಹೆಂಗಸು ಸೆರಗಿನಿಂದ ಕಣ್ಣೊತ್ತಿಕೊಂಡಳು. “ಪಾಪ, ಮೊಮ್ಮಗಳು ಅಂತ ಕಾಣ್ತದೆ. ನಂಬಕ್ಕೇ ಆಗ್ತಿಲ್ಲ ಅದಕ್ಕೆ.”

“ಸುಳ್ಳು ಪಾಷಣ್ಣಾ, ಎಲ್ಲಾ ಸುಳ್ಳು!” ಎಂದಳು ಮಲ್ಲಿಕಾ. ಗುಡ್ಡವೂ ಅದನ್ನೇ ಅಂದಿತು.

“ಸಮಾಧಾನ ಮಾಡ್ಕ ಮಗಾ” ಎಂದು ಚಾಂದ್ ಪಾಷಾನ ಉಸಿರುದನಿ ಕಿವಿಗೆ ಬಿತ್ತು. ಅಳುತ್ತಿರುವುದು ಯಾರೆಂದು ಅವನಿಗೆ ಗೊತ್ತಾದಂತಿರಲಿಲ್ಲ. “ಎಲ್ಲಾರೂ ಒಂದಿನ ಹೋಗೋರೇ. ನಾನು ಬತ್ತಾ ಇದೀನಿ.” ಅಷ್ಟರಲ್ಲಿ ಕಾಡಿನ ತಿರುವಿನಲ್ಲಿ ಸಿಗ್ನಲ್ಲು ಹೋಯಿತು.

ನಯಾಜ ಸ್ಕೂಟರು ತೆಗೆದ. ಎನ್.ಆರ್.ಪುರದ ದಾರಿಯಲ್ಲಿ ಎಷ್ಟು ಜೋರಾಗಿ ಹೊಡೆದರೂ ಆ ದುಃಖದ ದನಿ ಅವರಿಗಿಂತ ಒಂದು ತಿರುವು ಮುಂದೆಯೇ ಇತ್ತು. ಹಿಂದಿನ ಸೀಟಿನಲ್ಲಿ ಮಲ್ಲಿಕಾ ಬಡಬಡಿಸುತ್ತಿದ್ದಳು. “ಪಾಷಣ್ಣನ ಮಾತು ಹೋಯ್ತು ನಯಾಜಣ್ಣ. ಇನ್ನು ಅವ್ರು ಏನ್ ಹೇಳಿದ್ರೂ ಜನ ನಗ್ತಾರೆ. ನನ್ನ ಕೈಗೆ ಕೊಟ್ಟಿದ್ರು. ಜೋಪಾನ ಅಂದಿದ್ರು.”

“ಆ ಊರಲ್ಲಿ ವನಜಮ್ಮ ಅನ್ನೋರು ಇದಾರೋ ಇಲ್ವೋ. ಇಲ್ದೇ ಇದ್ರೆ ತೊಂದ್ರೆನೇ ಇಲ್ಲ” ಎಂದ, ಹೋಟೆಲಿನವನ ಮಾತು ಕೇಳಿರದ ನಯಾಜ. ಅಷ್ಟರಲ್ಲಿ ಸಂತೆಯ ಜನ ತುಂಬಿದ ಜೀಪೊಂದು ಅವರನ್ನು ದಾಟಿ ಹೋಯಿತು. ಹಿಂದೆ ಕೂತಿದ್ದ ಮುದುಕನೊಬ್ಬ ದೊಡ್ಡ ಸೇವಂತಿಗೆ ಹಾರವನ್ನು ತಬ್ಬಿಕೊಂಡು, “ಅಕ್ಕಾ, ಹೋಗ್ಬಿಟ್ಯೇನೇ ಅಕ್ಕಾ!” ಎಂದು ಅಳುತ್ತಿದ್ದ.

“ಇದಾರೆ ಅಂತಾಯ್ತು” ಎಂದ ನಯಾಜ.

ವನಜಮ್ಮ ಇದ್ದಳು. ಪೂರ್ತಿ ಇದ್ದಳು. ಜಗಲಿಯಲ್ಲಿ ಕಾಲು ಚಾಚಿ ಕೂತು, ಕೈಗೆಲ್ಲ ಎಣ್ಣೆ ಸವರಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದಳು. ಅಂಗಳದ ತುಂಬ ಜನ. ಮುಂದೆ ಬರಲು ಯಾರಿಗೂ ಧೈರ್ಯವಿಲ್ಲ, ವಾಪಸು ಹೋಗಲು ದಾಕ್ಷಿಣ್ಯ. ಅಳುತ್ತ ಬಂದವರು ಅಳುವನ್ನು ಏನು ಮಾಡಬೇಕೆಂದು ತಿಳಿಯದೆ ಮೂಗು ಒರೆಸಿಕೊಳ್ಳುತ್ತಿದ್ದರು. ಚಾಂದ್ ಪಾಷಾ ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಕಂಬದ ಹಾಗೆ ನಿಂತಿದ್ದ. ಬೇಲಿಯಾಚೆ ಅವನ ಆಟೋ ಮಾತ್ರ ನಾಚಿಕೆಯಿಲ್ಲದೆ ಹೇಳುತ್ತಿತ್ತು: “ಶೆಟ್ಟಿಕೊಪ್ಪದ... ವನಜಮ್ಮನವರು...” ನಯಾಜ ಓಡಿಹೋಗಿ ವೈರು ಕಿತ್ತ.

ಹಾರದ ಮುದುಕ ಜನರನ್ನು ಸೀಳಿಕೊಂಡು ನುಗ್ಗಿದ. ಅವನು ವನಜಮ್ಮನ ತಮ್ಮ, ಭಂಡಿಗಡಿಯ ತಿಮ್ಮಪ್ಪ. ತಾಯಿಯ ತಾಮ್ರದ ಹಂಡೆಯೊಂದು ಯಾರಿಗೆ ಸೇರಬೇಕೆಂದು ಜಗಳವಾಡಿ ಅಕ್ಕನ ಮನೆ ಮೆಟ್ಟಿಲು ತುಳಿಯುವುದನ್ನೇ ಬಿಟ್ಟಿದ್ದವನು. ಕಣ್ಣು ಮಂಜಾಗಿದ್ದರಿಂದ ಜಗಲಿಯ ಮೇಲೆ ಏನಿದೆ ಎಂದು ನೋಡಲೇ ಇಲ್ಲ. “ಅಕ್ಕಾ! ಆ ಹಂಡೆ ನಿಂಗೇ ಕೊಡ್ತಿದ್ನಲ್ಲೇ! ಕೇಳ್ದೇ ಹೋಗ್ಬಿಟ್ಯಲ್ಲೇ!”

“ಯಾವಾಗ ಕೊಡ್ತೀಯ?” ಎಂದಳು ವನಜಮ್ಮ.

ತಿಮ್ಮಪ್ಪನ ಅಳು ಅರ್ಧಕ್ಕೆ ನಿಂತಿತು. ಕಣ್ಣೊರೆಸಿಕೊಂಡು ನೋಡಿದ. ಇನ್ನೊಮ್ಮೆ ಒರೆಸಿಕೊಂಡ. “ನೀ... ನೀನು ಸತ್ತಿಲ್ವಾ?”

“ಸತ್ತಿಲ್ಲ. ಹಂಡೆ ಯಾವಾಗ ಕೊಡ್ತೀಯ ಹೇಳು.”

“ಅದು... ದುಃಖದಾಗೆ ಬಾಯಿಗೆ ಬಂದಿದ್ದು ಕಣೆ. ಲೆಕ್ಕಕ್ಕಿಲ್ಲ.”

ಅಂಗಳದಲ್ಲಿ ಗುಸುಗುಸು ಎದ್ದಿತು. ಹಾಗಾದರೆ ಇದು ಯಾರು ಮಾಡಿದ್ದು? ಚಾಂದ್ ಪಾಷಾನ ಮೈಕು ಸುಳ್ಳು ಹೇಳುವುದುಂಟೇ? ಎಲ್ಲರ ಕಣ್ಣೂ ಅವನ ಕಡೆ ತಿರುಗಿತು. ಅವನು ಬಾಯಿ ತೆರೆದ. ಇದ್ದಬದ್ದ ದನಿಯೂ ಹೊರಡಲಿಲ್ಲ.

ಮಲ್ಲಿಕಾ ಜನರ ನಡುವಿನಿಂದ ಮುಂದೆ ಬಂದಳು. “ತಪ್ಪು ನಂದು. ಪಾಷಣ್ಣಂದಲ್ಲ. ಅದು ಟೆಸ್ಟ್ ಡೇಟಾ. ಎರಡು ಕಡೆ ತಡೆ ಇತ್ತು, ನಾನು ಎರಡ್ರ ಮೇಲೂ ಅನುಮಾನ ಪಟ್ಟೆ. ಹೆಸರು ನಾನು ಆರಿಸಿದ್ದಲ್ಲ, ಎಐ ಆರಿಸಿದ್ದು. ಆದ್ರೆ ಆರಿಸಿ ಅಂದಿದ್ದು ನಾನೇ...”

ಜನ ಅವಳನ್ನು ಕರುಣೆಯಿಂದ ನೋಡಿದರು. ಆಘಾತಕ್ಕೆ ಕೆಲವರಿಗೆ ಹೀಗಾಗುತ್ತದೆ.

ವನಜಮ್ಮನ ಸೊಸೆ ಸುಮಲತಾ ಒಳಗಿನಿಂದ ಬಗ್ಗಿ ಕೇಳಿದಳು. “ಅತ್ತೆ, ಕಾಗೆ ಏನಾರೂ ತಲೆಗೆ ಕುಕ್ಕಿತ್ತಾ?”

‘ಓ’ ಎಂದಿತು ಇಡೀ ಅಂಗಳ. ಕಾಗೆ! ಯಾರಿಗೂ ಹೊಳೆದೇ ಇರಲಿಲ್ಲ ನೋಡು. ಕಾಗೆ ತಲೆಗೆ ಕುಕ್ಕಿದರೆ ಗಂಡಾಂತರ. ಆ ಮನುಷ್ಯ ಸತ್ತನೆಂದು ನೆಂಟರಿಷ್ಟರಿಗೆ ಸುಳ್ಳುಸುದ್ದಿ ಕಳಿಸಿ, ಅವರು ನಿಜವಾಗಿ ಅತ್ತುಬಿಟ್ಟರೆ ಆ ಕಣ್ಣೀರಿನಲ್ಲೇ ಗಂಡಾಂತರ ಕೊಚ್ಚಿಹೋಗುತ್ತದೆ. ಹಿಂದೆಲ್ಲ ಅದಕ್ಕೆ ಕಾರ್ಡು ಬರೆಯುತ್ತಿದ್ದರು. ಫೋನು ಬಂದ ಮೇಲೆ ಸುಳ್ಳುಸಾವು ನಂಬಿಸುವುದು ಕಷ್ಟವಾಗಿ ಆ ಪದ್ಧತಿಯೇ ಮರೆಯಾಗುತ್ತಿತ್ತು.

ವನಜಮ್ಮ ಒಮ್ಮೆ ಚಾಂದ್ ಪಾಷಾನನ್ನು ನೋಡಿದಳು. ಅವಳ ಗಂಡ ಹೋದಾಗ ಇದೇ ಅಂಗಳದಲ್ಲಿ ಹೀಗೆಯೇ ಟೋಪಿ ಹಿಡಿದು ನಿಂತಿದ್ದವನು. ಆಮೇಲೆ ತಮ್ಮನನ್ನು ನೋಡಿದಳು. ಅವನ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ.

“ಹೂಂ” ಎಂದಳು. “ಕುಕ್ಕಿತ್ತು.”

“ಇಲ್ಲಮ್ಮ, ಕಾಗೆ ಅಲ್ಲ” ಎಂದಳು ಮಲ್ಲಿಕಾ. “ಖಂಡಿತ ಟೆಸ್ಟ್ ಡೇಟಾನೇ...”

“ನನ್ನ ತಲೆ ಮೇಲೆ ಕೂತಿದ್ದು ನಿಂಗೆ ಗೊತ್ತಾ, ನಂಗೆ ಗೊತ್ತಾ ಕೂಸೇ? ಬಾ ಇಲ್ಲಿ, ಹಣ್ಣು ತಿನ್ನು” ಎಂದು ವನಜಮ್ಮ ದೊಡ್ಡ ತೊಳೆಯೊಂದನ್ನು ಅವಳ ಕೈಗೆ ತುರುಕಿದಳು. “ಚಾಂದುಗೆ ನಾನೇ ಹೇಳಿ ಕಳ್ಸಿದ್ದೆ. ಇಂಥದ್ದು ಅವ್ನ ಮೈಕಲ್ಲಿ ಬಂದ್ರೆ ತಾನೆ ಜನ ಅಳದು? ನಿಮ್ಮ ವಾಟ್ಸಪ್ಪಲ್ಲಿ ಹಾಕಿದ್ರೆ ಯಾವನು ಅಳ್ತಿದ್ದ? ಮತ್ತೆ ತಿಮ್ಮಪ್ಪ, ಕಾಗೆ ದೋಷಕ್ಕೆ ಅತ್ತೋರು ಅಳುವಾಗ ಆಡಿದ ಮಾತು ತಪ್ಪಿದ್ರೆ ದೋಷ ಅವ್ರ ತಲೆಗೇ ಸುತ್ಕಳ್ತದೆ.”

“ಹಂಗಂತ ಎಲ್ಲಿದೆ?” ಎಂದ ತಿಮ್ಮಪ್ಪ.

“ಈಗ ಹೇಳಿದ್ನಲ್ಲ.”

ಅಂಗಳ ನಕ್ಕಿತು. ತಿಮ್ಮಪ್ಪನೂ ಹಾರ ಹಿಡಿದುಕೊಂಡೇ ಜಗಲಿಯ ತುದಿಯಲ್ಲಿ ಕುಸಿದು ಕುಳಿತ. “ಇದನ್ನೆಂತ ಮಾಡದು ಈಗ?”

“ನನ್ನ ಜೀವ ಉಳ್ಸಿದ ಆಟೋಗೆ ಹಾಕು” ಎಂದಳು ವನಜಮ್ಮ. ಯಾರು ಯಾರನ್ನು ಉಳಿಸಿದರು ಎಂಬುದನ್ನು ಕೇಳುವ ಧೈರ್ಯ ಚಾಂದ್ ಪಾಷಾನಿಗೆ ಇರಲಿಲ್ಲ.

ದೋಷ ಕಳೆದ ಮೇಲೆ ‘ಬದುಕಿದ್ದಾರೆ’ ಎಂಬ ಸುದ್ದಿಯೂ ಅದೇ ದಾರಿಯಲ್ಲಿ ಹೋಗಬೇಕು. ಚಾಂದ್ ಪಾಷಾ ಕೂಗುವಂತಿಲ್ಲ. ಯಂತ್ರದ ದನಿ ಬೇಡವೇ ಬೇಡ. “ಅವ್ಳು ಅದನ್ನೂ ಅಳ್ತಾನೇ ಹೇಳ್ತಾಳೆ” ಎಂದಳು ವನಜಮ್ಮ. ಸೀರೆ ಬದಲಿಸಿ ಬಂದು ಆಟೋದಲ್ಲಿ ಕೂತು ತಾನೇ ಮೈಕು ಹಿಡಿದಳು. ಎದುರಿಗೆ ಹಾರ ತೂಗಾಡುತ್ತಿತ್ತು. ಕೊಪ್ಪದವರೆಗೆ ದಾರಿಯಲ್ಲಿ ಸಿಕ್ಕಿದ ಪ್ರತಿ ಅಂಗಡಿ, ಪ್ರತಿ ಕ್ರಾಸಿಗೂ ಅವಳ ದನಿ ಮುಟ್ಟಿತು.

“ನಾನು ಶೆಟ್ಟಿಕೊಪ್ಪದ ವನಜಮ್ಮ ಮಾತಾಡ್ತಾ ಇದೀನಿ. ಬದುಕಿದೀನಿ. ಬಂದು ಅತ್ತೋರಿಗೆಲ್ಲ ಒಳ್ಳೇದಾಗ್ಲಿ. ಯಾರ್ಯಾರು ಬರ್ಲಿಲ್ಲ ಅನ್ನದೂ ನಂಗೊತ್ತು.”

ಊರು ನಕ್ಕು ಸುಮ್ಮನಾಯಿತು. ಆದರೆ ಚಾಂದ್ ಪಾಷಾ ಅಂಗಡಿಗೆ ಬಂದು ಕೂತಾಗ ಅವನ ಮುಖದಲ್ಲಿ ನಗು ಇರಲಿಲ್ಲ.

“ವನಜಮ್ಮ ಇವತ್ತಿಗೆ ಉಳಿಸ್ಕೊಟ್ಳು ಮಗಾ. ನಾಳೆ ನಿಜವಾಗ್ಲೂ ಯಾರಾದ್ರೂ ಹೋಗ್ತಾರೆ. ನನ್ನ ಮೈಕು ಕೂಗ್ತದೆ. ಆವಾಗ ಜನ ಏಳ್ತಾರಾ, ಕಾಗೆ ಅಂತ ಕೂತೇ ಇರ್ತಾರಾ?”

ಮಲ್ಲಿಕಾ ಕಂಪ್ಯೂಟರಿನ ಕಡೆ ತಿರುಗಿದಳು. ಅವನು ಮೊದಲ ದಿನ ಹೇಳಿದ ಅಂಗಳದ ಮಾತು ಈಗ ನೆನಪಾಯಿತು. ಎರಡೂ ತಡೆಗಳನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು. ಆಮೇಲೆ ಸಹಾಯಕನಿಗೆ ಬರೆದಳು: ಸಾವಿನ ಸುದ್ದಿಯಾದರೆ, ಚಾಂದ್ ಪಾಷಾ ಆ ಮನೆಯ ಅಂಗಳದಲ್ಲಿ ನಿಂತು ತನ್ನ ದನಿಯಲ್ಲಿ ಒಂದು ಮಾತು ರೆಕಾರ್ಡು ಮಾಡುವವರೆಗೆ ಯಂತ್ರ ಬಾಯಿ ಬಿಡಬಾರದು.

ಅದು ಬರೆದುಕೊಟ್ಟಿತು. ಕೆಳಗೊಂದು ಸಲಹೆಯನ್ನೂ ಸೇರಿಸಿತು: ‘ಬಳಕೆದಾರರ ಅನುಕೂಲಕ್ಕಾಗಿ, ಸಮಯವಿಲ್ಲದಿದ್ದಾಗ ಈ ಹಂತವನ್ನು ಬಿಟ್ಟು ಮುಂದುವರಿಯುವ ಗುಂಡಿಯೊಂದನ್ನು ಇಡಬಹುದು. ಇಡಲೇ?’

ಅವಳ ಬೆರಳುಗಳು ತಾವಾಗಿಯೇ ‘ಬೇಕಾಗಬಹುದಾ? ಖಂಡಿತಾನಾ’ ಎಂದು ಬರೆಯತೊಡಗಿದವು. ತಡೆದಳು. ಅಕ್ಷರಗಳನ್ನು ಒಂದೊಂದಾಗಿ ಅಳಿಸಿದಳು. ‘ಬೇಡ’ ಎಂದು ಬರೆದಳು. ‘ದಯವಿಟ್ಟು’ ಸೇರಿಸಲಿಲ್ಲ.

‘ಸರಿ’ ಎಂದಿತು ಅದು.

ಅವಳು ಸ್ವಲ್ಪ ಹೊತ್ತು ಕಾದು ನೋಡಿದಳು. ಏನೂ ಆಗಲಿಲ್ಲ. ಆಕಾಶ ಮೇಲೆಯೇ ಇತ್ತು.

ಚಾಂದ್ ಪಾಷಾ ಹೆದರಿದ ದಿನ ಬಹಳ ತಡಮಾಡದೆ ಬಂತು. ಹಳೆಯ ಪೋಸ್ಟ್‌ಮ್ಯಾನ್ ಬೂತಪ್ಪ ತೀರಿಕೊಂಡಿದ್ದ. ಆಟೋ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಬಂದು ನಿಂತಿತು. ಯಂತ್ರದ ದನಿ ದುಃಖದಿಂದ ಸುದ್ದಿ ಓದಿತು. ಹೋಟೆಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನಿಜವೋ, ಕಾಗೆಯೋ?” ಎಂದ ಒಬ್ಬ. ಇನ್ನೊಬ್ಬ ಫೋನಿಗೆ ಕೈ ಹಾಕಿದ. ಅಂಗಡಿಯ ಬಾಗಿಲಲ್ಲಿ ಮಲ್ಲಿಕಾ ನಿಂತು ನೋಡುತ್ತಿದ್ದಳು.

ಆಗ ಮೈಕಿನಿಂದ ಇನ್ನೊಂದು ದನಿ ಬಂತು. ಒಡೆದದ್ದು, ಗಾಳಿ ತುಂಬಿದ್ದು. ಆದರೆ ಊರಿಗೆಲ್ಲ ಗೊತ್ತಿರುವ ದನಿ. ಡಾಕ್ಟರು ಅಷ್ಟಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿದ್ದರು.

“ನಾನೇ ನೋಡಿ ಬಂದೆ.”

ಫೋನಿಗೆ ಹೋಗಿದ್ದ ಕೈ ಜೇಬಿನಿಂದ ಬರಿದೇ ಹೊರಬಂತು. ಬೆಂಚು ಸರಿದ ಸದ್ದು. ಟವೆಲುಗಳು ಹೆಗಲೇರಿದವು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಮಲ್ಲಿಕಾ ಒಳಗೆ ಬಂದು ಕೂತಳು. ಕಣ್ಣೊರೆಸಿಕೊಳ್ಳುವುದರೊಳಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಶೃಂಗೇರಿ ಕಡೆಯ ವೃಷಭೇಂದ್ರಪ್ಪ ಎಂದು ಹೇಳಿಕೊಂಡ ಗೃಹಸ್ಥನೊಬ್ಬ ಅತ್ತಿತ್ತ ನೋಡಿ ಮೆಲ್ಲಗೆ ಶುರುಮಾಡಿದ. “ನಮ್ಮ ಮಾವಂಗೆ ಮೊನ್ನೆ ಕಾಗೆ ಕುಕ್ಕಿದೆ ತಂಗಿ. ನಿಮ್ಮಲ್ಲಿ ಅದೇನೋ ಟೆಸ್ಟ್ ಡೇಟಾ ಮಾಡ್ಕೊಡ್ತೀರಂತಲ್ಲ. ಶೆಟ್ಟಿಕೊಪ್ಪದಲ್ಲಿ ಒಬ್ರಿಗೆ ಬಹಳ ಚೆನ್ನಾಗಿ ಆಯ್ತಂತೆ.”

ಒಳಗಿದ್ದ ನಯಾಜನ ಕಿವಿ ನೆಟ್ಟಗಾಯಿತು. “ಅದಕ್ಕೇನಂತೆ, ಮಾಡಣ...” ಎಂದು ಅವನು ಎದ್ದು ಬರುವಷ್ಟರಲ್ಲಿ ಮಲ್ಲಿಕಾ ಹೇಳಿಬಿಟ್ಟಿದ್ದಳು.

“ಆಗಲ್ಲ.”

“ಖಂಡಿತಾನಾ?” ಎಂದ ವೃಷಭೇಂದ್ರಪ್ಪ.

ಆ ಪ್ರಶ್ನೆಯನ್ನು ಬೇರೆಯವರ ಬಾಯಲ್ಲಿ ಅವಳು ಕೇಳುತ್ತಿದ್ದದ್ದು ಅದೇ ಮೊದಲು. ಎಷ್ಟು ಸುಲಭದ ಪ್ರಶ್ನೆ ಅನ್ನಿಸಿತು.

“ಖಂಡಿತ” ಎಂದಳು. ಸಂಜೆ ಬೀಗ ಹಾಕಿ, ಒಮ್ಮೆ ಜಗ್ಗಿ, ರಸ್ತೆ ದಾಟಿದಳು. ಮೆಟ್ಟಿಲ ಮೇಲೆ ಕಾಲು ತಡೆಯಿತು, ಹಿಂದೆ ತಿರುಗಿ ನೋಡಿದ್ದೂ ನಿಜ. ಆದರೆ ಅಂದು ಅವಳಿಗೆ ಬಸ್ಸು ಸಿಕ್ಕಿತು.